ನವರೋಜನ ಹೆಂಡತಿಯ ಫೋನು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದ್ದ ಸಿದ್ದಲಿಂಗಪ್ಪನ ಪಂಪ್‌ಸೆಟ್ ದುರಸ್ತಿ ಅಂಗಡಿಗೆ ಬಂದವರೆಲ್ಲ ನವರೋಜ ಅಲಿಯನ್ನು ಮುಂಡಗೋಡದ ಟಿಬೆಟಿಯನ್ ಎಂದೇ ತಿಳಿಯುತ್ತಿದ್ದರು. ಸಣ್ಣ ಕಣ್ಣು, ಚಪ್ಪಟೆ ಮೂಗು ನೋಡಿ, ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವವರ ಪೈಕಿ ಇರಬೇಕೆಂದುಕೊಳ್ಳುತ್ತಿದ್ದರು. ಅವನು ತಿದ್ದಲು ಹೋಗುತ್ತಿರಲಿಲ್ಲ. ಅವನು ಅಫಘಾನಿಸ್ತಾನದ ಹಜಾರಾ ಜನಾಂಗದವನು. ಅವನ ಊರಿನಲ್ಲಿ ಇದೇ ಮುಖ ನೋಡಿ ಜನರನ್ನು ಬೇರೆ ನಿಲ್ಲಿಸಿ ಗುಂಡು ಹೊಡೆದಿದ್ದರು.

ತೊಂಬತ್ತಾರರಲ್ಲಿ ಅವನು ವಿದ್ಯಾರ್ಥಿವೇತನದ ಮೇಲೆ ಧಾರವಾಡಕ್ಕೆ ಓದಲು ಬಂದಿದ್ದ. ಹೆಂಡತಿ ಮಾಸುಮಾ ಮತ್ತು ಹಾಲುಗೂಸು ಮುರ್ತಜಾ ಮಜಾರ್ ಪಟ್ಟಣದಲ್ಲಿ ಅವಳ ತವರಿನಲ್ಲಿ ಉಳಿದಿದ್ದರು. ಎರಡು ವರ್ಷಕ್ಕೆ ತಾಲಿಬಾನಿನವರು ಆ ಪಟ್ಟಣ ಹೊಕ್ಕರು. ಇರಾನಿಗೆ ಓಡಿಹೋಗಿದ್ದ ಸೋದರಸಂಬಂಧಿಯೊಬ್ಬ ಸುದ್ದಿ ತಿಳಿಸಿದ: ಮನೆ ಸುಟ್ಟಿದೆ, ಓಣಿಯಲ್ಲಿ ಒಬ್ಬರೂ ಉಳಿದಿಲ್ಲ.

ಓದು ಮುಗಿದಿತ್ತು, ಹೋಗಲು ಊರಿರಲಿಲ್ಲ. ಪಂಪು ದುರಸ್ತಿ ಕಲಿಯಲು ಬರುತ್ತಿದ್ದವನಿಗೆ ಸಿದ್ದಲಿಂಗಪ್ಪನ ಹೆಂಡತಿ ಸಂಗವ್ವ ಹಿತ್ತಲಿನ ಕೋಣೆ ಬಿಡಿಸಿಕೊಟ್ಟಳು. ಕೊರಳಲ್ಲಿ ಲಿಂಗ ಕಟ್ಟಿದ ಮನೆಯಲ್ಲಿ ತುರುಕರ ಹುಡುಗನೇ ಎಂದು ಬೀಗರು ಮೂಗು ಮುರಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಅವಳನ್ನು ಅವ್ವಾ ಎಂದು ಕರೆಯತೊಡಗಿದ. ಅವನ ಬಾಯಲ್ಲಿ ಹುಬ್ಬಳ್ಳಿಯ ಮಾತು ಚೆನ್ನಾಗಿಯೇ ಕುದುರಿತು.

ಆದರೆ ಇಲ್ಲಿ ಅವನು ನಿರಾಶ್ರಿತ. ಪರವಾನಿಗೆ ಎಂದು ಮುಗಿಯುವುದೋ, ಎಂದು ಯಾರು ಬಂದು ಹೊರಡು ಎನ್ನುವರೋ ಗೊತ್ತಿಲ್ಲ. ಅಷ್ಟರಲ್ಲಿ ಕೆನಡಾ ಸೇರಿದ್ದ ಹಳೆಯ ಗೆಳೆಯನೊಬ್ಬ ದಾರಿ ತೋರಿಸಿದ. ಆ ದೇಶದಲ್ಲಿ ಐದು ಜನ ಒಟ್ಟಾಗಿ ಒಬ್ಬನ ಒಂದು ವರ್ಷದ ಊಟ-ವಸತಿಯ ಹೊಣೆ ಹೊತ್ತರೆ ಸರಕಾರ ಅವನನ್ನು ಕರೆಸಿಕೊಳ್ಳುತ್ತದಂತೆ. ಡೊರೊತಿ ಎಂಬ ನಿವೃತ್ತ ಶಾಲಾ ಶಿಕ್ಷಕಿ ತನ್ನ ಊರಿನ ನಾಲ್ವರನ್ನು ಸೇರಿಸಿಕೊಂಡು ಒಪ್ಪಿದಳು. ನವರೋಜ ದಿಲ್ಲಿಗೆ ಎಡತಾಕಿ, ಅಧಿಕಾರಿಗಳ ಮುಂದೆ ತನ್ನ ಕಥೆ ಹೇಳಿದ. ಹೆಂಡತಿ ತೀರಿಹೋಗಿದ್ದಾಳೆ, ಮಗ ತೀರಿಹೋಗಿದ್ದಾನೆ ಎಂದು ಬರೆಸಿದ. ಎರಡು ಸಾವಿರದ ಎರಡರ ಬೇಸಿಗೆಯ ಹೊತ್ತಿಗೆ ವೀಸಾ ಒಂದೇ ಬಾಕಿ ಇತ್ತು.

ಆಗ ಒಂದು ಮಧ್ಯಾಹ್ನ ಸಂಗವ್ವನ ಪಡಸಾಲೆಯ ಫೋನು ರಿಂಗಾಯಿತು. ಅವಳು ರೊಟ್ಟಿ ಬಡಿಯುವುದು ಬಿಟ್ಟು, ಹಿಟ್ಟಿನ ಕೈಯಲ್ಲೇ ಎತ್ತಿದಳು. ಗರಗರ ಸದ್ದಿನ ನಡುವೆ ಒಬ್ಬ ಹೆಣ್ಣುಮಗಳ ದನಿ. ಏನೂ ತಿಳಿಯಲಿಲ್ಲ. ಒಂದು ಹೆಸರು ಮಾತ್ರ ತಿಳಿಯಿತು: ನವರೋಜ. ಸಂಗವ್ವ ಯಾರು ಎಂದು ಕೇಳಿದಳು. ಮಾತು ತಿಳಿಯದಿದ್ದರೂ ಆ ಕಡೆಯವಳು ತನ್ನ ಹೆಸರು ಹೇಳಿದಳು.

“ಮಾಸುಮಾ.”

ಯಾರು ಸತ್ತಳೆಂದು ಸಂಗವ್ವ ನವರೋಜನ ತಲೆ ನೇವರಿಸಿ ಸಮಾಧಾನ ಹೇಳಿದ್ದಳೋ, ಆಕೆಯೇ ಮಾತನಾಡುತ್ತಿದ್ದಳು. ಅವನನ್ನು ಅಂಗಡಿಯಿಂದ ಕರೆಸಿ, ಸಂಗವ್ವ ಫೋನನ್ನು ಅವನ ಕೈಗೆ ತುರುಕಿದಳು. ಕೇಳಿದ, ಕೇಳಿದ, ಗೋಡೆಗೆ ಆತುಕೊಂಡ. ಆಮೇಲೆ ಒಂದೇ ಶಬ್ದ ಆಡಿದ: “ಮುರ್ತಜಾ?” ಮತ್ತೆ ಅದನ್ನೇ ಕೇಳಿದ. ಹಾಗೆಯೇ ನೆಲದ ಮೇಲೆ ಕೂತ.

ಮಾಸುಮಾ ಮಗುವನ್ನು ಕಟ್ಟಿಕೊಂಡು ಗುಡ್ಡ ಹತ್ತಿ ಪಾರಾಗಿದ್ದಳು. ಮೊದಲ ಹಿಮದಲ್ಲೇ ಮಗು ಹೋಗಿತ್ತು. ಹಳ್ಳಿಯಿಂದ ಹಳ್ಳಿಗೆ ಅಡಗಿ, ತಾಲಿಬಾನಿನವರು ಸೋತ ಮೇಲೆ ಪಾಕಿಸ್ತಾನದ ಕ್ವೆಟ್ಟಾಕ್ಕೆ ಬಂದಿದ್ದಳು. ಅಲ್ಲಿ ನವರೋಜನ ಸೋದರಮಾವನ ಬಳಿ ಈ ಮನೆಯ ನಂಬರು ಸಿಕ್ಕಿತ್ತು. ಹೆಂಡತಿ ಬದುಕಿದ್ದಕ್ಕೆ ನಗಬೇಕೋ, ಮಗನಿಗಾಗಿ ಎರಡನೆಯ ಸಲ ಅಳಬೇಕೋ ತಿಳಿಯದೆ ನವರೋಜ ಸಂಜೆಯವರೆಗೂ ಅಲ್ಲೇ ಕೂತಿದ್ದ. ಹಾಲು ತಂದ ಸಂಗವ್ವ ಲೋಟ ಹಿಡಿದು ನಿಂತೇ ಇದ್ದಳು.

ಮರುದಿನ ಸಿದ್ದಲಿಂಗಪ್ಪ ವ್ಯವಹಾರದ ಮಾತು ಹೇಳಿದ. ಈಗ ಬಾಯಿ ಬಿಟ್ಟರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ, ಆ ಐವರೂ ಕೈಬಿಡಬಹುದು. ಮೊದಲು ಹೋಗಿ ಮುಟ್ಟು, ಆಮೇಲೆ ಅವಳನ್ನು ಕರೆಸಿಕೊ. ಅಧಿಕಾರಿಗಳಿಂದ ಮುಚ್ಚಿಟ್ಟ ಹೆಂಡತಿಯನ್ನು ಆಮೇಲೆ ಕರೆಸಲು ಬಿಡುವುದಿಲ್ಲವೆಂದು ನವರೋಜನಿಗೆ ಗೊತ್ತಿತ್ತು. ಅವನು ಸಂಗವ್ವನ ಕಡೆ ನೋಡಿದ.

“ಗೊತ್ತಿಲ್ಲದ ಒಮ್ಮೆ ಸತ್ತಾಳಂತ ಬರಸೇನಿ ಅವ್ವಾ. ಈಗ ಗೊತ್ತಿದ್ದೂ ಸುಮ್ಮನಾದ್ರ, ನಾನ ಆಕಿನ್ನ ಕೊಂದಂಗ ಆಕ್ಕತಿ.”

“ಹಂಗಾರ ಖರೇ ಹೇಳಿಬಿಡಪಾ,” ಎಂದಳು ಸಂಗವ್ವ. “ಏನರ ಆಗ್ಲಿ, ಕೋಣಿ ಅಂತೂ ಐತಿ.”

ಅವನು ಮೊದಲು ಡೊರೊತಿಗೆ ಫೋನು ಮಾಡಿದ. ಬೈಗುಳಕ್ಕೆ ಸಿದ್ಧನಾಗಿದ್ದ. ಆ ಮುದುಕಿ, ಹಾಗಾದರೆ ನಾವು ಸ್ವಲ್ಪ ದೊಡ್ಡ ಮನೆ ಹುಡುಕಬೇಕಾಯಿತಲ್ಲ ಎಂದಳಂತೆ. ಸಿದ್ದಲಿಂಗಪ್ಪನಿಗೆ ಇದನ್ನು ನಂಬಲಾಗಲಿಲ್ಲ. ರಕ್ತಸಂಬಂಧವಿಲ್ಲ, ಮುಖ ನೋಡಿಲ್ಲ, ಎಂಥ ಜನರಪ್ಪ ಇವರು ಎಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ವರ್ಷಗಟ್ಟಲೆ ಹೇಳಿದ. ಹಿತ್ತಲಿನ ಕೋಣೆ ತನ್ನದೇ ಎಂಬುದು ಅವನ ನೆನಪಿಗೆ ಬಂದಂತೆ ಕಾಣಲಿಲ್ಲ.

ಕಾಗದಗಳು ದಿಲ್ಲಿಯಿಂದ ಹಿಂದಕ್ಕೆ ಬಂದವು. ಹೊಸದಾಗಿ ವಿಚಾರಣೆ, ಅವಳಿಗೆ ಪಾಕಿಸ್ತಾನದಲ್ಲಿ ಬೇರೆ ವಿಚಾರಣೆ. ಸುಳ್ಳು ಹೇಳಿದ್ದೆಯಾ ಎಂದು ಅವನನ್ನು ತಿರುಗಿಸಿ ತಿರುಗಿಸಿ ಕೇಳಿದರು. ಎರಡು ಸಾವಿರದ ನಾಲ್ಕರ ಕೊನೆಗೆ ವೀಸಾ ಬಂತು. ನವರೋಜ ಸಂಗವ್ವನ ಕಾಲು ಮುಟ್ಟಿ, ಬೆಳಗಾವಿಗೆ ಹೋಗಿ ದಿಲ್ಲಿಯ ರೈಲು ಹಿಡಿದ. ಗಂಡ-ಹೆಂಡತಿ ಬೇರೆ ಬೇರೆ ದೇಶಗಳಿಂದ ಹೊರಟು ಒಂದೇ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿತ್ತು.

ವಾರದ ಮೇಲೆ ಅವನ ಫೋನು ಬಂತು.

“ನಾ ಆಕಿನ್ನ ದಾಟಿ ಮುಂದ ಹೋಗಿಬಿಟ್ಟೆ ಅವ್ವಾ. ತಲಿ ಪೂರಾ ಬೆಳ್ಳಗಾಗೇತಿ. ಯಾರೋ ಮುದುಕಿ ಕುಂತಾಳ ಅನಕೊಂಡೆ.”

ಮಾಸುಮಾಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಸಂಗವ್ವ, ಇಬ್ಬರೂ ಉಂಡಿರೇನಪಾ ಎಂದು ಕೇಳಿದಳು. ಈಗ ಮಾಸುಮಾಳೇ ಒಲೆ ಹಚ್ಚಿದ್ದಾಳೆ ಎಂದ ನವರೋಜ.