ಹುಟ್ಟುವ ಮೊದಲೇ ಕೊಡಬೇಕಿದ್ದ ಅರ್ಜಿ

ಹದಿನೈದು ದಿನದಿಂದ ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ನಗಬೇಡಿ. ಎರಡನೆಯ ಇಯತ್ತೆಗೇ ಪಾಟಿ ಕೆಳಗಿಟ್ಟು ಹೊಲಿಗೆ ಮಿಷನ್ನಿಗೆ ಕೂತವನು, ಈಗ ಅರವತ್ತರ ಹತ್ತಿರ ಬಂದು, ಗಜೇಂದ್ರಗಡದ ಹೆಣ್ಣುಮಕ್ಕಳ ಶಾಲೆಗೆ ದಿನಾ ಹಾಜರ್. ಅದೂ ಸಣ್ಣ ಸೂಟಿಯ ಗಂಟೆ ಹೊಡೆಯುವ ಮೊದಲೇ.

ಕೈಯಲ್ಲಿ ಪುಸ್ತಕವಿಲ್ಲ. ಮೊಮ್ಮಗಳಿದ್ದಾಳೆ. ಒಂದೂವರೆ ತಿಂಗಳ ಕೂಸು! (ಹೇಗಿದ್ದಾಳೆ ಎಂದು ಕೇಳಬೇಡಿ. ಕೇಳಿದರೆ ಈ ಅಂಕಣವೆಲ್ಲ ಅವಳ ಮೂಗಿಗೇ ಮುಗಿದುಹೋಗುತ್ತದೆ. ಮೂಗು ನನ್ನದೇ. ಆದರೆ ಅವಳ ಮುಖದ ಮೇಲೆ ಚಂದ ಕಾಣುತ್ತದೆ.)

ನನ್ನನ್ನು ಕಂಡ ಕೂಡಲೇ ಹುಡುಗಿಯರು ಕಿಟಕಿಯಿಂದ ಕೂಗುತ್ತಾರೆ.

"ಅಕ್ಕಾರ, ನಿಮ್ಮ ಕೂಸು ಬಂತ್ರಿ! ಅಜ್ಜನ್ನೂ ಸಂಗಾಟ ಕರಕೊಂಡು ಬಂದೈತ್ರಿ!"

ಅವರ ಅಕ್ಕೋರು ಅಂದರೆ ನನ್ನ ಸೊಸೆ, ಕಮಲಾ. ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸುತ್ತ ಬರುತ್ತಾಳೆ. ಕೂಸನ್ನು ಎತ್ತಿಕೊಂಡು ಒಳಕೋಣೆಯ ಕಪಾಟಿನ ಮರೆಯಲ್ಲಿ ಕೂತು ಹಾಲು ಕುಡಿಸುತ್ತಾಳೆ. ನಾನು ಅಂಗಳದಲ್ಲಿ ಬೇವಿನ ಗಿಡ ನೋಡುತ್ತ ನಿಲ್ಲುತ್ತೇನೆ. ಅಷ್ಟರಲ್ಲಿ ಗಂಟೆ. ಹುಡುಗಿಯರೇನೋ ಗಂಟೆ ಕೇಳಿ ಒಳಗೆ ಓಡುತ್ತಾರೆ. ಕೂಸಿನ ಹೊಟ್ಟೆ ಗಂಟೆ ಕೇಳುತ್ತದೆಯೇ? ಅರ್ಧ ಕುಡಿದ ಕೂಸು ಚೀರುತ್ತ ನನ್ನ ಹೆಗಲಿಗೆ ಬರುತ್ತದೆ. ತಲೆಗೆ ಬೆಚ್ಚಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ ಬೋರ್ಡಿನ ಕಡೆ ತಿರುಗುತ್ತಾಳೆ.

"ಇಷ್ಟು ಹಸಿ ಬಾಣಂತಿಗೆ ಸರಕಾರ ರಜಾ ಕೊಡಲಿಲ್ಲೇನ್ರಿ?" ಎಂದು ದಾರಿಯಲ್ಲಿ ನಾಲ್ಕು ಮಂದಿ ಕೇಳಿದರು.

ಸರಕಾರ ಕೊಡುತ್ತಿತ್ತು. ಸಿಗದಂತೆ ಮಾಡಿದವನು ನಾನು.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಕೂಸು ಹುಟ್ಟುವ ಮೊದಲು ಕುಲಾಯಿಗೆ ಕತ್ತರಿ ಹಾಕಬಾರದು. ಗಾದೆಯೇ ಇದೆಯಲ್ಲ. ಬೇರೆಯವರಿಗೆ ಅದು ಗಾದೆ, ನನಗೆ ಅದು ಅಂಗಡಿಯ ರೂಲು. ಎಷ್ಟು ದೊಡ್ಡ ಮನೆಯವರು ಬಂದು ಕೇಳಿದರೂ "ಹುಟ್ಟಲಿ, ತರ್ರಿ, ಒಂದು ತಾಸಿನೊಳಗ ಹೊಲದು ಕೊಡ್ತೀನಿ" ಎಂದು ಅರಿವೆ ವಾಪಸು ಕೊಟ್ಟಿದ್ದೇನೆ. ಜೀವನದಲ್ಲಿ ಒಂದೇ ಒಂದು ಸಲ ಆಸೆ ತಡೆಯದೆ ಆ ಕಟ್ಟಳೆ ಮುರಿದೆ. ಎರಡು ವರ್ಷದ ಹಿಂದೆ, ಕಮಲಾ ಮೊದಲ ಸಲ ಬಸುರಾದಾಗ. ಐದನೆಯ ತಿಂಗಳಿಗೆ ಆ ಬಸಿರು ನಿಲ್ಲಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ನಾನೇ ಬೈದುಕೊಂಡೆ.

ಈ ಸಲ ಕಮಲಾ ಎಲ್ಲವನ್ನೂ ಮೊದಲೇ ಯೋಚಿಸಿಟ್ಟಿದ್ದಳು. ಹೆರಿಗೆಯ ಮೊದಲೇ ರಜೆ ಹಿಡಿದು ಶಿರೋಳದ ತವರಿಗೆ ಹೋಗುವುದು. ಅವಳ ಜಾಗಕ್ಕೆ ಬದಲಿ ಅಕ್ಕೋರು ಬರುವುದು. ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಬೇಸಿಗೆ ಸೂಟಿ ಕೂಡಿಕೊಳ್ಳುವುದು. ಮಳೆಗಾಲಕ್ಕೆ ಶಾಲೆ ತೆರೆಯುವವರೆಗೆ ಕೂಸು ಅವಳ ಮಡಿಲಲ್ಲೇ. ನಾನು ಹೊಲಿಯುವ ಮುಂಚೆ ಅಳತೆ ತೆಗೆಯುವುದಿಲ್ಲವೇ? ಹಾಗೆ, ಬೊಟ್ಟು ಬೊಟ್ಟು ಅಳೆದಿದ್ದಳು.

ನಾನು ದಾರದ ಉಂಡೆ ತರಲು ರೋಣಕ್ಕೆ ಹೊರಟ ದಿನ ಮಡಚಿದ ಕಾಗದ ಕೊಟ್ಟಳು.

"ಮಾವಾರ, ಇದನ್ನ ಅಲ್ಲಿ ಶಿಕ್ಷಣ ಇಲಾಖೆ ಕಚೇರಿಯೊಳಗ ಕೊಟ್ಟು ಬರ್ರಿ. ಮರೀಬ್ಯಾಡ್ರಿ."

ಮೋಟಾರಿನಲ್ಲಿ ಕೂತು ಬಿಚ್ಚಿ ನೋಡಿದೆ. (ಅಕ್ಷರ ಕಡಿಮೆ ಬರುವವನಿಗೆ ಕಾಗದ ಕಂಡರೆ ಓದುವ ಚಟ ಹೆಚ್ಚು.) ಒಂದೊಂದೇ ಅಕ್ಷರ ಕೂಡಿಸಿದೆ. ನನಗೆ ಇಂಥ ತಿಂಗಳಲ್ಲಿ ಹೆರಿಗೆ ಆಗುವುದಿದ್ದು, ರಜೆ ಮಂಜೂರು ಮಾಡಬೇಕಾಗಿ ವಿನಂತಿ. ಹುಟ್ಟದ ಕೂಸಿನ ಸುದ್ದಿ ಸರಕಾರದ ಕಾಗದದಲ್ಲಿ? ಹತ್ತು ಕ್ಲಾರ್ಕರು ಓದಿ, ಶಿಕ್ಕಾ ಹೊಡೆದು, ಕಣ್ಣು ಹಾಕಬೇಕೇ?

ಕೊಡಲಿಲ್ಲ. ಕೋಟಿನ ಒಳಕಿಸೆಗೆ ಸೇರಿಸಿದೆ. ಮನೆಗೆ ಬಂದು "ಕೊಟ್ಟೆವಾ" ಎಂದೆ.

ಆ ಮೇಲೆ ಎಂಟು ದಿನಕ್ಕೊಮ್ಮೆ ಕಮಲಾ ಕೇಳುವಳು. "ಹುಕುಂ ಬಂತೇನ್ರಿ, ಮಾವಾರ?"

"ಬರ್ತೈತಿ ಬಿಡವಾ. ಸರಕಾರದ ಕೆಲಸ, ಲಗೂ ಆಗ್ತೈತೇನು?"

ಹುಕುಂ ನನ್ನ ಕಿಸೆಯಿಂದ ಹೇಗೆ ಬರಬೇಕು? ಹುಕುಂ ಇಲ್ಲದೆ ಶಾಲೆ ಬಿಡಲು ಅವಳಿಗೆ ಧೈರ್ಯವಿರಲಿಲ್ಲ, ನೌಕರಿ ಇನ್ನೂ ಕಾಯಮ್ಮಾಗಿಲ್ಲ. ತುಂಬಿದ ಹೊಟ್ಟೆ ಹೊತ್ತು ನಿಂತೇ ಪಾಠ ಹೇಳಿದಳು. ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದಾಗಲೇ ನೋವು ಬಂತು. ಹುಡುಗಿಯರು ಅಂಗಡಿಗೆ ಓಡಿ ಬಂದು ನನ್ನನ್ನು ಕರೆದರು. ದೀಪ ಹಚ್ಚುವ ಹೊತ್ತಿಗೆ ಕೂಸು ನಮ್ಮ ಮನೆಯಲ್ಲೇ ಹುಟ್ಟಿತು. ತವರಿನ ಮಾತು ಅಲ್ಲಿಗೆ ಮುಗಿಯಿತು.

ಆದರೆ ನನ್ನ ಹಿಗ್ಗು! ಮೂರನೆಯ ದಿನ ಪೇಢೆ ಕಟ್ಟಿಸಿಕೊಂಡು, ಆ ಅರ್ಜಿಯನ್ನೂ ತೆಗೆದುಕೊಂಡು ರೋಣಕ್ಕೆ ಹೋದೆ. ಕ್ಲಾರ್ಕರ ಟೇಬಲ್ಲಿನ ಮೇಲೆ ಎರಡನ್ನೂ ಇಟ್ಟೆ.

"ಈಗ ತಗೋರಿ ಸಾಹೇಬ್ರ. ಈಗ ಖರೇ ಆತು."

ಅವರು ಪೇಢೆ ಬಾಯಿಗೆ ಹಾಕಿಕೊಂಡು ಅರ್ಜಿ ಓದಿದರು. ಅಗಿಯುವುದು ನಿಂತಿತು. "ಅಜ್ಜಾರ, ಇದರ ಮ್ಯಾಲಿನ ತಾರೀಖು ನೋಡೀರೇನು? ಇಷ್ಟು ದಿನ ಎಲ್ಲಿತ್ತು?"

"ನನ್ನ ಕಿಸೇದಾಗಿತ್ರಿ."

"ಆಗ ಕೊಟ್ಟಿದ್ರ ಬದಲಿ ಅಕ್ಕೋರು ಇದ್ರು. ಈಗ ಅವರನ್ನ ಹೊಳೆಆಲೂರಿಗೆ ಹಾಕೇವಿ. ಪರೀಕ್ಷಾ ಬಂತು, ನಿಮ್ಮ ಸಾಲಿಯೊಳಗ ಇರೋರ ಇಬ್ಬರು. ಒಂದು ತಿಂಗಳ ಮ್ಯಾಲ ಹ್ಯಾಂಗ ಬಿಡೂಣ?"

"ನೀವು ದೊಡ್ಡವರು, ದಯಾ ಮಾಡ್ರಿ."

"ದಯಾ ಯಾಕ್ರಿ? ಹೆಣ್ಣುಮಗಳು ನೌಕರಿ ಮಾಡಿದ್ರ ಹೆರಿಗಿ ರಜಾ ಕಾಯ್ದೇದಾಗ ಐತಿ. ಅದು ಆಕಿ ಹಕ್ಕು. ಆದರ ವ್ಯಾಳ್ಯಾಕ್ಕ ಕೇಳಬೇಕು. ಮೊದಲ ಕೇಳಬೇಕಾದ ಸೂಟಿ ಆಮ್ಯಾಲ ಕೇಳಿದ್ರ ಸಿಗೂದಿಲ್ಲ."

(ನಮ್ಮ ಕಡೆ ಮುಂಬಯಿ ಸರಕಾರ ಹೋಗಿ ಮೈಸೂರು ರಾಜ್ಯ ಬಂತು. ಆದರೂ ಕಿಸೆಯಲ್ಲಿದ್ದ ಅರ್ಜಿ ಯಾವ ಸರಕಾರಕ್ಕೂ ಕಾಣುವುದಿಲ್ಲ.)

ಮನೆಯಲ್ಲಿ ನಿಜ ಹೇಳಿದೆ. ನನ್ನಾಕೆ ಧೂಪದ ಕೆಂಡ ಊದುತ್ತಿದ್ದವಳು ಎದ್ದು ನಿಂತಳು. "ಕುಲಾಯಿ ಹೊಲಿಯೂದಕ್ಕೂ ಅರ್ಜಿ ಕೊಡೂದಕ್ಕೂ ಫರಕ ತಿಳೀಲಿಲ್ಲೇನ್ರಿ ನಿಮಗ? ಅಂಗಡಿ ರೂಲು ಅಂಗಡಿಯೊಳಗ ಇಟ್ಟು ಬರಬಾರದಿತ್ತೇನು?"

ಕಮಲಾ ಕೂಸನ್ನು ಮಗ್ಗುಲಿಗೆ ಮಲಗಿಸಿದಳು. ಆಮೇಲೆ ಕೇಳಿದಳು.

"ಓದಿದ್ರೇನ್ರಿ ಅದನ್ನ?"

"ಓದಿದೆವಾ."

"ಹೆರಿಗಿ ಅನ್ನೂದಷ್ಟ ಓದೀರಿ, ಮಾವಾರ. ಕೆಳಗ ನನ್ನ ಸಹಿ ಇತ್ತು. ಅದನ್ನ ಓದಲಿಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. ಬಸುರು ಅವಳದು, ನೌಕರಿ ಅವಳದು, ರಜೆ ಅವಳದು. ಹೆದರಿಕೆ ಮಾತ್ರ ನನ್ನದು. ನನ್ನ ಹೆದರಿಕೆಗೆ ಅವಳ ದಿನಗಳನ್ನು ಕತ್ತರಿಸಲು ನಾನು ಯಾರು? ನಮ್ಮ ಕಡೆ ಈಗ ಓದಿದ ಸೊಸೆಯಂದಿರು ನೌಕರಿಗೆ ಹೊರಟಿದ್ದಾರೆ. ನೌಕರಿಯ ಕಾಗದಪತ್ರ ಹಿಡಿಯಲು ನಾವು ಹಿರಿಯರು ಮುಂದೆ ಬರುತ್ತೇವೆ. ಹಿಡಿಯುವುದು ಸರಿ. ತಡೆಹಿಡಿಯುವುದು?

ತಿಂಗಳು ತುಂಬಿದ ಮರುದಿನ ಕಮಲಾ ಶಾಲೆಗೆ ಹೋದಳು. ಅಂದಿನಿಂದ ಈ ನನ್ನ ಶಾಲೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಮಿಷನ್ನಿನ ಪಕ್ಕದ ಜೋಳಿಗೆಯಲ್ಲಿ ಕೂಸು ಮಲಗಿತ್ತು. ನಾನು ಗಾಲಿ ತಿರುಗಿಸಿದೆ. ಕೂಸು ನನ್ನನ್ನೇ ನೋಡಿತು. ನಕ್ಕಿತು. ನಿದ್ದೆಯ ನಗುವಲ್ಲ ಮತ್ತೆ, ಕಣ್ಣು ಬಿಟ್ಟು, ಗುರುತು ಹಿಡಿದು, ಮೊದಲ ನಗು! ಹೊಲಿಗೆ ಅಲ್ಲೇ ಬಿಟ್ಟೆ. ಎದುರಿನ ಕಿರಾಣಿಯವರಿಗೆ ಹೇಳಿದೆ, ಬಳೆಗಾರ ಸಾಬರಿಗೆ ಹೇಳಿದೆ, ದಾರಿಯಲ್ಲಿ ಕಂಡ ಎತ್ತಿಗೂ ಹೇಳಿದೆನೋ ಏನೋ. ಶಾಲೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಓಡಿತ್ತು.

"ಅಕ್ಕಾರ, ಕೂಸು ನಕ್ಕೈತಂತ್ರಿ!"

ಕಮಲಾ ಕೂಸನ್ನು ಎತ್ತಿಕೊಂಡಳು. ಗಲ್ಲ ಮುಟ್ಟಿದಳು, ಚಿಟಿಕೆ ಹಾಕಿದಳು. ಹಸಿದ ಕೂಸು ಮುಖ ಕಿವಿಚಿ ಅತ್ತಿತು. ಅವಳು ನನ್ನ ಕಡೆ ನೋಡಿದಳು.

"ಹ್ಯಾಂಗ ನಕ್ಕಳ್ರಿ, ಮಾವಾರ?"

ಮೂರು ಹಲ್ಲು ಉಳಿದ ಬಾಯಿ ತೆರೆದು ತೋರಿಸಿದೆ. ಹುಡುಗಿಯರೆಲ್ಲ ನಕ್ಕರು, ಅವಳು ನಗಲಿಲ್ಲ.

ಹೆತ್ತ ಮಗಳ ಮೊದಲ ನಗುವನ್ನು ತಾಯಿಗೆ ಮುದಿ ಮಾವ ನಕ್ಕು ತೋರಿಸಬೇಕೇ?