ಚೀಲಕ್ಕೆ ಹಚ್ಚುವ ಶಾಯಿ

ನಾನು ಏಳನೆಯ ಇಯತ್ತೆಗೇ ಸಾಲೆ ಬಿಟ್ಟವನು. ಇಂಡಿ ಪಟ್ಟಣದ ಒಂದು ನಿಂಬೆಹಣ್ಣಿನ ಅಡತಿ ಅಂಗಡಿಯಲ್ಲಿ ಚೀಲಗಳ ಮೇಲೆ ಗುರುತು ಹಾಕುತ್ತೇನೆ. ತಗಡಿನ ಅಚ್ಚನ್ನು ಗೋಣಿಯ ಮೇಲಿಟ್ಟು ಶಾಯಿಯ ಕುಂಚ ಎಳೆದರೆ ವ್ಯಾಪಾರಿಯ ಹೆಸರು ಮೂಡುತ್ತದೆ. ಅಷ್ಟಕ್ಕೇ, ಶಾಯಿಯ ವಿಷಯದಲ್ಲಿ ನನಗಿಂತ ತಿಳಿದವರಿಲ್ಲ ಎಂದು ಮನೆಯಲ್ಲಿ ಮೆರೆಯುತ್ತಿದ್ದೆ.

ನನ್ನ ತಂಗಿ ಹತ್ತನೆಯದು ಮುಗಿಸಿ, ನಿವೃತ್ತ ಚಿತ್ರಕಲಾ ಮಾಸ್ತರರೊಬ್ಬರ ಹತ್ತಿರ ಅಂದದ ಅಕ್ಷರ ಬರೆಯುವುದನ್ನು ಕಲಿಯತೊಡಗಿದಳು. ಮನೆಯಲ್ಲಿ ರೂಢಿ ಮಾಡಲು ಏನೇನು ಬೇಕೆಂದು ಅವರು ಚೀಟಿ ಬರೆದುಕೊಟ್ಟರು: ತುದಿ ಚಪ್ಪಟೆಯಾದ ನಿಬ್ಬು, ತೆಳ್ಳಗೆ ಹರಿಯುವ ಕಪ್ಪು ಶಾಯಿ, ಶಾಯಿ ಹೀರದ ನುಣುಪು ಹಾಳೆ. ಮಾಲಿನ ಗಾಡಿಯಲ್ಲಿ ಸಿಂದಗಿಗೆ ಹೋದಾಗ ತರುವುದಾಗಿ ನಾನೇ ಚೀಟಿ ಇಸಿದುಕೊಂಡೆ.

ಅಂಗಡಿಯವರು ಕೇಳಿದರು: “ನಿಬ್ಬ ಎಷ್ಟ ಅಗಲದ್ದರಿ? ಶಾಯಿ ಯಾವ ನಮೂನಿದು?”

ನನಗೆ ಗೊತ್ತಿರಲಿಲ್ಲ. ಹಿಂದೆ ಕಾಲೇಜಿನ ಹುಡುಗಿಯರು ನಿಂತಿದ್ದರು. ಕೇಳಿ ತಿಳಿದುಕೊಳ್ಳಲು ನಾಚಿಕೆಯಾಯಿತು. ಕಣ್ಣಿಗೆ ಕಂಡ ಒಂದು ನಿಬ್ಬನ್ನು ತೋರಿಸಿ ತೆಗೆದುಕೊಂಡು ಬಂದೆ. ಶಾಯಿಯನ್ನು ನಮ್ಮ ಅಡತಿ ಅಂಗಡಿಯ ಡಬ್ಬಿಯಿಂದಲೇ ಶೀಸೆಗೆ ಹಾಕಿದೆ. ಹಾಳೆಯ ಬದಲು, ಹಣ್ಣಿನ ಪೆಟ್ಟಿಗೆಯ ತಳಕ್ಕೆ ಹಾಸುವ ಬಿಳಿ ಕಾಗದದ ಕಟ್ಟು ತಂದೆ. ಆ ಕಾಗದ ಹಣ್ಣಿನ ಪಸೆಯನ್ನು ಕುಡಿಯಲೆಂದೇ ಇರುವುದು.

“ಅಣ್ಣಾ, ಶೀಸೆ ಮ್ಯಾಲ ಹೆಸರ ಇಲ್ಲಲ್ಲ?” ಎಂದಳು ತಂಗಿ.

“ಹೆಸರ ನೆಕ್ಕತೀಯೇನ? ಮಳ್ಯಾಗ ತೋಯ್ದರೂ ಅಳಸಂಗಿಲ್ಲ ಇದು.”

ಅವಳು ನಕ್ಕಳು. ಬರೆಯಲು ಕುಳಿತ ಮೇಲೆ ನಗು ನಿಂತಿತು. ಗೆರೆಯ ಅಂಚಿನಲ್ಲಿ ಇರುವೆ ಕಾಲಿನಂತೆ ಎಳೆಗಳು ಒಡೆಯುತ್ತಿದ್ದವು. ನಿಬ್ಬಿನಲ್ಲಿ ಶಾಯಿ ಹೆಪ್ಪುಗಟ್ಟುತ್ತಿತ್ತು. ನೀರಿನಲ್ಲಿ ತೊಳೆದರೂ ಹೋಗುತ್ತಿರಲಿಲ್ಲ.

ಅದೇ ತಿಂಗಳು ಮಾಸ್ತರರು ಮಗಳ ಊರಿಗೆ ಹೋಗಿದ್ದರು. ಸಿಂದಗಿಯ ಒಂದು ಸಾಲೆಗೆ ಪ್ರಮಾಣಪತ್ರಗಳಲ್ಲಿ ಮಕ್ಕಳ ಹೆಸರು ಬರೆಯುವವರು ಬೇಕಾಗಿತ್ತು. ಮಾದರಿಗೆ ಒಂದು ಹಾಳೆ ಬರೆದು ಕಳಿಸು ಎಂದು ಮಾಸ್ತರರು ಅಲ್ಲಿಂದಲೇ ತಂಗಿಗೆ ಫೋನಿನಲ್ಲಿ ಹೇಳಿದರು. ಅವಳು ಮೂರು ದಿನ ಕುಳಿತು ಬರೆದಳು. ಕೊನೆಗೆ ನನ್ನ ಹತ್ತಿರ ಬಂದಳು.

“ಮಾಸ್ತರ ಮನ್ಯಾಗ ಹಿಂಗ ಹರಡಂಗಿಲ್ಲಣ್ಣಾ. ಇದು ಬ್ಯಾರೆ ಶಾಯಿ ಏನ?”

ತಪ್ಪು ನಾನು ತಂದ ಸಾಮಾನಿನದೆಂದು ಆಗ ನನಗೆ ತಿಳಿಯಿತು. ಹೇಳಲು ಇನ್ನೂ ಸಮಯವಿತ್ತು.

“ಶಾಯಿ ಛಲೋ ಐತಿ. ನಿನ್ನ ಕೈಯಾಗ ಬಿಗಿ ಇಲ್ಲ. ಕುಣೀಲಾರದಾಕಿ ನೆಲ ಡೊಂಕ ಅಂದಳಂತ!”

ಹಾಳೆಯನ್ನು ಸಾಲೆಗೆ ಒಯ್ದವನೂ ನಾನೇ. ಅಲ್ಲಿನ ದೊಡ್ಡ ಬಾಯಿಯವರು, ಅಂದರೆ ಮುಖ್ಯ ಶಿಕ್ಷಕಿ, ಅದನ್ನು ಬೆಳಕಿಗೆ ಹಿಡಿದು, “ಅಕ್ಷರದ ಅಂಚು ಒಡದಾವಲ್ರಿ, ಕೈ ನಡಗತೈತೇನು?” ಎಂದರು.

“ಹೌದ್ರಿ, ಇನ್ನೂ ಹೊಸಬಳರಿ” ಎಂದೆ.

ಕೆಲಸ ಬೇರೆಯವರಿಗೆ ಹೋಯಿತು. ತಂಗಿ ಮತ್ತೆ ಮಾಸ್ತರರ ಮನೆಗೆ ಹೋಗಲಿಲ್ಲ. ತನ್ನ ಕೈಗೆ ಅಕ್ಷರ ಕೂಡುವುದಿಲ್ಲವೆಂದು ತಾನೇ ಎಲ್ಲರಿಗೂ ಹೇಳತೊಡಗಿದಳು. ಮರುವರ್ಷ ಅವಳನ್ನು ಮಸೂತಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟೆವು. ಆ ಹಾಳೆಯ ಸಂಗತಿ ನಡೆದು ಈಗ ಏಳು ವರ್ಷ.

ಹೋದ ತಿಂಗಳು ಬಸವನ ಬಾಗೇವಾಡಿಯ ಒಂದು ಅಂಗಡಿಗೆ ಹೋಗಿ, “ನನಗ ಇದರಾಗಿಂದ ಏನೂ ತಿಳಿಯಂಗಿಲ್ಲರಿ. ಹೊಸದಾಗಿ ಕಲಿಯೋರಿಗೆ ಏನ ಬೇಕೋ ನೀವ ಹೇಳ್ರಿ” ಎಂದೆ. ಯಾರೂ ನಗಲಿಲ್ಲ. ಅಂಗಡಿಯವರು ಅಗಲ ನಿಬ್ಬನ್ನು ತೆಳು ಶಾಯಿಯಲ್ಲಿ ಅದ್ದಿ ಮೂರು ಬಗೆಯ ಹಾಳೆಗಳ ಮೇಲೆ ಗೆರೆ ಎಳೆದು ತೋರಿಸಿದರು. ಮೊದಲೆರಡರಲ್ಲಿ ಅಂಚು ಹರಡಿತು. ಮೂರನೆಯದರಲ್ಲಿ ಕುಡಗೋಲಿನಿಂದ ಕೊಯ್ದಂತೆ ನಿಂತಿತು. ಹಿಂದೆ ತಿರುವಿ ನೋಡಿದರೆ ಕಲೆಯೂ ಇರಲಿಲ್ಲ. ಅದನ್ನೇ ಕಟ್ಟಿಸಿಕೊಂಡು ಮಸೂತಿಗೆ ಹೋದೆ.

ತಂಗಿಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಚೀಲದ ಶಾಯಿ, ಪೆಟ್ಟಿಗೆಯ ಕಾಗದ, ಸಾಲೆಯಲ್ಲಿ ನಾನು ಆಡಿದ ಮಾತು.

ಅವಳು ನಿಬ್ಬು ಅದ್ದಿ ಒಂದು ‘ಅ’ ಬರೆದಳು. ಅಂಚು ಒಡೆಯಲಿಲ್ಲ. ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿದಳು.

“ಏಳ ವರ್ಷ ನನ್ನ ಕೈಗೆ ಬೈಕೊಂತ ಬಂದೇನಿ ಅಣ್ಣಾ” ಎಂದಳು.

ತಪ್ಪಾಯಿತು ಎಂದೆ. ಆ ಮಾತು ಅವಳಿಗೆ ಮುಟ್ಟಿತೋ ಇಲ್ಲವೋ. ಎದ್ದು ಹೊರಡುವಾಗಲೂ ಅವಳು ತಲೆ ಎತ್ತಲಿಲ್ಲ. ಎರಡನೆಯ ಸಾಲು ಬರೆಯುತ್ತಿದ್ದಳು.