ಮುಖದಲ್ಲಿ ಏನೂ ತೋರಿಸದೆ ಕೇಳುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯ ಹಿಂಬಾಗಿಲಿನಿಂದ ರಾತ್ರಿ ಪಾಳಿಯ ಹೆಂಗಸರು, ಹಬೆಗೆ ಕೆಂಪಾದ ಕೈಗಳನ್ನು ಒರೆಸಿಕೊಳ್ಳುತ್ತಾ ಹೊರಬರುತ್ತಾರೆ. ಎದುರಿನ ಕಟ್ಟೆಯ ಮೇಲೆ, ಮಡಿಲಲ್ಲಿ ಪ್ರಶ್ನಾವಳಿ ಮತ್ತು ಪುಟ್ಟ ರೆಕಾರ್ಡರ್ ಇಟ್ಟುಕೊಂಡು ಒಬ್ಬರು ಕಾದಿದ್ದಾರೆ.

"ಬಂದ್ರಪ್ಪಾ ನಮ್ಮ ಪ್ರಶ್ನೆ ಅಕ್ಕ! ನಿದ್ದೆ ಸರಿಯಾಗಿ ಬರುತ್ತಾ ಅಂತ ಕೇಳೋಕೆ ನಮ್ಮ ನಿದ್ದೆನೇ ಕೆಡಿಸ್ತಾರೆ." ಹೊರಬಂದವರಲ್ಲಿ ಒಬ್ಬಳ ಕೀಟಲೆ.

"ಮಲಗಿದ್ಮೇಲೆ ಬಂದ್ರೆ ಬಾಗಿಲು ತೆಗೀತೀರೇನ್ರೇ?" ಅಕ್ಕ ನಗುತ್ತಾರೆ. ರೆಕಾರ್ಡರ್ ಒತ್ತಿದ ಕೂಡಲೇ ಆ ನಗು ಆರುತ್ತದೆ.

ರಾತ್ರಿ ದುಡಿಯುವವರ ಮನಸ್ಸಿನ ಬಗ್ಗೆ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ ನಡೆಸುತ್ತಿರುವ ಅಧ್ಯಯನಕ್ಕೆ ಇವರು ಸಂದರ್ಶಕಿ. ದಿನಕ್ಕೆ ನಾಲ್ಕೈದು ಮಂದಿ ಸಿಕ್ಕರೆ ಹೆಚ್ಚು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಪ್ರಶ್ನೆಯನ್ನು ಅಚ್ಚಾದಂತೆಯೇ, ಒಂದೇ ದನಿಯಲ್ಲಿ ಓದಬೇಕು. ಅಯ್ಯೋ ಅನ್ನುವಂತಿಲ್ಲ, ತಲೆಯಾಡಿಸುವಂತಿಲ್ಲ. ಕೇಳುವವರು ಕರಗಿದರೆ ಹೇಳುವವರು ಅವರಿಗಾಗಿ ಉತ್ತರ ತಿದ್ದುತ್ತಾರೆ, ನಿಯಮಕ್ಕೆ ಕಾರಣವಿದೆ. ದನಿ ಪಳಗಲೆಂದು ಮನೆಯಲ್ಲೂ ಗೋಡೆಗೆ ಓದಿ ಓದಿ, ಈಗ ಮಗಳು ಅಣಕಿಸುತ್ತಾಳೆ: "ಅಮ್ಮ ಊಟಕ್ಕೆ ಕರೆಯೋದೂ ಬಸ್ ನಿಲ್ದಾಣದ ಮೈಕ್ ಥರ ಆಗೋಯ್ತು."

ಕೊನೆಯ ಪ್ರಶ್ನೆ: ಈಚೆಗೆ ಬದುಕೇ ಬೇಡ ಎಂದು ಅನ್ನಿಸಿದೆಯೇ? ಹೌದು ಅಂದವರಿಗೆ ವೈದ್ಯರ ಫೋನ್ ಸಂಖ್ಯೆಯ ಚೀಟಿ ಕೊಟ್ಟು ಏಳಬೇಕು.

ಇಸ್ತ್ರಿ ವಿಭಾಗದ ಹುಡುಗಿಯೊಬ್ಬಳು ಮೊದಲ ಸುತ್ತಿನಲ್ಲಿ ಹೌದು ಅಂದಿದ್ದಳು. ಹೋದ ತಿಂಗಳು ಅದೇ ಪ್ರಶ್ನೆಗಳ ಎರಡನೆಯ ಸುತ್ತು. ಪ್ರಶ್ನೆ ಮುಗಿಯುವ ಮೊದಲೇ ಇಲ್ಲ, ಇಲ್ಲ, ಇಲ್ಲ. ಕಾಗದದ ಮೇಲೆ ಅವಳು ಪೂರ್ತಿ ಗುಣವಾಗಿದ್ದಳು. ಆ ಅವಸರವನ್ನು ಅಕ್ಕ ನಂಬಲಿಲ್ಲ. ರೆಕಾರ್ಡರ್ ಆರಿಸಿ, "ಈಗ ಹೇಳು ಮಗಾ" ಎಂದರು.

"ಏನ್ ಹೇಳ್ಲಿ? ಹೋದ ಸಲ ಹೌದು ಅಂದೆ. ಗುರುತು ಹಾಕ್ಕೊಂಡು, ಚೀಟಿ ಕೊಟ್ಟು ಎದ್ದು ಹೋದ್ರಿ. ನಿಮ್ಮ ಮುಖದಲ್ಲಿ ಏನೂ ಆಗ್ಲಿಲ್ಲ. ಇನ್ನು ಯಾರಿಗೆ ಹೇಳಿದ್ರೂ ಇಷ್ಟೇ ಅಂತ ಗೊತ್ತಾಯ್ತು."

ಅವತ್ತೇ ಎಲ್ಲ ಮುಗಿಸಿಬಿಡಬೇಕೆಂದು ತೀರ್ಮಾನಿಸಿದ್ದನ್ನೂ ಅವಳು ಹೇಳಿದಳು. ಅಕ್ಕ ಅವಳ ಕೈ ಹಿಡಿದವರು ಬಿಡಲಿಲ್ಲ. ಹಾಗೇ ನಡೆಸಿಕೊಂಡು ಆಸ್ಪತ್ರೆಗೆ ಹೋದರು. ಹುಡುಗಿ ಇನ್ನೂ ವಾರ್ಡಿನಲ್ಲಿದ್ದಾಳೆ, ತನ್ನ ಜೊತೆಯವರು ಒಗೆದ ಹೊದಿಕೆ ಹೊದ್ದು. ಇಷ್ಟನ್ನು ಬರೆಯಲು ಅವಳೇ ಒಪ್ಪಿದ್ದಾಳೆ. ಯಾವಾಗ ಮನೆಗೆ ಕಳಿಸುತ್ತೇವೆಂದು ವೈದ್ಯರು ಹೇಳುತ್ತಿಲ್ಲ.

ನಿಯಮ ಮುರಿದದ್ದಕ್ಕೆ ಆ ಸಂದರ್ಶನ ರದ್ದಾಯಿತು. "ಮಾಡಿದ್ದು ತಪ್ಪು ಅನ್ನಲ್ಲಮ್ಮ. ಆದ್ರೆ ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ" ಎಂದಿದ್ದಾರೆ ಅಧ್ಯಯನದ ಮೇಲ್ವಿಚಾರಕರು. ಮಗಳ ಓದು ಮುಗಿಯುವವರೆಗೆ ಅಕ್ಕನಿಗೆ ಕೆಲಸ ಬಿಡುವ ದಾರಿಯಿಲ್ಲ.

ಏನು ಬದಲಾಗಬೇಕು ಎಂದು ಕೇಳಿದರೆ ಅಕ್ಕ ಪ್ರಶ್ನಾವಳಿ ಮಡಚುತ್ತಾ ಹೇಳುತ್ತಾರೆ:

"ಪ್ರಶ್ನೆ ಬದಲಾಯಿಸೋದು ಬೇಡ. ದನೀನೂ ಹೀಗೇ ಇರ್ಲಿ. ಹೌದು ಅಂದವರ ಪಕ್ಕ ಸ್ವಲ್ಪ ಹೊತ್ತು ಕೂತಿರೋಕೆ ಬಿಟ್ರೆ ಸಾಕು."